ಹನ್ನೆರಡು ದಿನ ಬಾಳುವ ಹೂವು

ನೈವಾಶಾ ಸರೋವರದ ದಂಡೆಯಲ್ಲಿ
ನಸಿಮಿಯು ಶೀತಕೋಣೆಯ ಆಳು.
ಹೊರಗೆ ಸಮಭಾಜಕದ ಬಿಸಿಲು, ಒಳಗೆ ನಾಲ್ಕು ಡಿಗ್ರಿ.
ಎರಡು ಸ್ವೆಟರು, ಮೇಲೊಂದು ಕಂಪನಿಯ ಕೋಟು,
ಕೈಯಲ್ಲಿ ಅಳತೆಪಟ್ಟಿ.
ಅರವತ್ತು ಸೆಂಟಿಮೀಟರಿನ ದಂಟು ಈ ಬಕೆಟ್ಟಿಗೆ,
ಐವತ್ತರದು ಆ ಬಕೆಟ್ಟಿಗೆ,
ಕತ್ತು ಬಾಗಿದ್ದು ನೆಲಕ್ಕೆ.
ಮೇಸ್ತ್ರಿ ಕಿಪ್ರೊಪ್ ಕಲಿಸಿದ ಕಾನೂನು ಒಂದೇ:
ಪರದೇಶದ ಹೂದಾನಿಯಲ್ಲಿ
ಹನ್ನೆರಡು ದಿನ ಬಾಳದ ಗುಲಾಬಿಗೆ
ವಿಮಾನದಲ್ಲಿ ಜಾಗವಿಲ್ಲ.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅನ್ನುತ್ತದೆ ಗಾದೆ.
ಇಲ್ಲಿ ಹೂವು ಮಾತ್ರ ಹೋಗುತ್ತಿತ್ತು, ದಿನಾ ರಾತ್ರಿ ಹನ್ನೊಂದಕ್ಕೆ.
ನಾರು ಲೈನ್ ಮನೆಯಲ್ಲಿ ಉಳಿದು
ಬಾಡಿಗೆ, ಜೋಳದ ಹಿಟ್ಟು, ಸೀಮೆಎಣ್ಣೆ ಎಂದು ಲೆಕ್ಕ ಬರೆಯುತ್ತಿತ್ತು.

ಹಾಲೆಂಡಿನಲ್ಲಿ ಹರಾಜಿನ ಗಡಿಯಾರ
ಮೇಲಿನಿಂದ ಕೆಳಕ್ಕೆ ಓಡುತ್ತದಂತೆ:
ಬೆಲೆ ಇಳಿಯುತ್ತ ಇಳಿಯುತ್ತ ಬರುವಾಗ
ಯಾರೋ ಒಬ್ಬ ಗುಂಡಿ ಒತ್ತಬೇಕು.
ಮಾರ್ಚಿನ ಆ ಸೋಮವಾರ ಮುಳ್ಳು ಇಳಿಯಿತು,
ಇನ್ನೂ ಇಳಿಯಿತು,
ಸೊನ್ನೆ ಮುಟ್ಟಿ ನಿಂತಿತು.
ಒಂದು ಬೆರಳೂ ಏಳಲಿಲ್ಲ.
ಮದುವೆಗಳಿರಲಿಲ್ಲ. ಸಾವುಗಳಿದ್ದವು, ಆದರೆ
ಸಾವಿಗೆ ಹೂ ತರುವವರಿಗೆ
ಹೊಸಿಲು ದಾಟಲು ಅಪ್ಪಣೆ ಇರಲಿಲ್ಲ.

ಟ್ರ್ಯಾಕ್ಟರಿನಲ್ಲಿ ತುಂಬಿ ಗುಂಡಿಗೆ ಸುರಿದರು.
ಕೆಂಪು, ಹಳದಿ, ಆ ವರ್ಷವಷ್ಟೇ ಹೆಸರಿಟ್ಟ ಒಂದು ನೇರಳೆ.
ಮೂರು ದಿನ ಅತ್ತರಿನ ವಾಸನೆ
ಲೈನ್ ಮನೆಗಳ ಮೇಲೆ ಕೂತಿತ್ತು,
ಹಿಟ್ಟು ಬೇಯುವ ವಾಸನೆಯನ್ನೂ ಅಡಗಿಸಿ.
ನಾಲ್ಕನೆಯ ದಿನ ಬೇರೆ ವಾಸನೆ.
ಐದನೆಯ ದಿನ ಪಟ್ಟಿ: ಕಡ್ಡಾಯ ರಜೆ, ಸಂಬಳವಿಲ್ಲ.
ನಾನೂರಾ ಆರನೆಯ ಹೆಸರು ಅವಳದು,
ನಾನೂರಾ ಏಳು ಕಿಪ್ರೊಪ್‌ನದು.
ಪಟ್ಟಿ ಓದಿದವನೂ ಅವನೇ.

ರೇಡಿಯೋದಲ್ಲಿ ಅರ್ಥಶಾಸ್ತ್ರಜ್ಞನೊಬ್ಬ
ಇದಕ್ಕೆ ಬಾಹ್ಯ ಆಘಾತ ಎಂದು ಹೆಸರು ಕೊಟ್ಟ.
ವಿದೇಶಿ ಸಾಲದ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಹೋಯಿತು,
ಆಸ್ಪತ್ರೆಯ ಆಮ್ಲಜನಕ ಮುಂದಿನ ಬಜೆಟ್ಟಿಗೆ.
ಪಕ್ಕದ ಮನೆಯ ಮುದುಕ ಓಲೆ ಸಾಂಕಾವ್ ನಕ್ಕ:
"ಸಾಲಗಾರನಿಗೆ ಜ್ವರ ಬರಬಹುದು,
ಬಡ್ಡಿಗೆ ಬರುವುದಿಲ್ಲ."
ಎರಡು ವಾರದಲ್ಲಿ ಜ್ವರ ಅವನ ವಿಳಾಸ ಕೇಳಿಕೊಂಡು ಬಂತು.

ಮರುವರ್ಷ. ಉಳ್ಳ ದೇಶಗಳು
ತಲೆಗೆ ಐದರಂತೆ ಲಸಿಕೆ ಕೊಂಡಿಟ್ಟ ಸುದ್ದಿ.
ಜಿನೀವಾದಲ್ಲಿ ತಿಂಗಳುಗಟ್ಟಲೆ
ಒಂದು ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ಚರ್ಚೆ.
ಅಲ್ಪವಿರಾಮದ ಆಚೆಗೊಬ್ಬರು ಸಾಯುತ್ತಿದ್ದರು,
ಈಚೆಗೊಬ್ಬರು.

ಆಸ್ಪತ್ರೆಗೆ ಶೀತ ಬಲ್ಲವರು ಬೇಕಾಗಿದ್ದರು.
ಅದೇ ನಾಲ್ಕು ಡಿಗ್ರಿ, ಅದೇ ಎರಡು ಸ್ವೆಟರು.
ಹೂ ಒಯ್ಯುತ್ತಿದ್ದ ವಿಮಾನವೇ
ಈಗ ಪೆಟ್ಟಿಗೆ ಹೊತ್ತು ಬಂತು.
ಬ್ಯಾನರು, ಬ್ಯಾಂಡು, ರಾಯಭಾರಿಯ ಭಾಷಣ,
ದಾನ ಎಂಬ ಪದ ಒಂಬತ್ತು ಸಲ.
ನಸಿಮಿಯು ಪೆಟ್ಟಿಗೆ ಬಿಚ್ಚಿ, ಅಭ್ಯಾಸಬಲದಿಂದ,
ಮೊದಲು ತಾರೀಖು ನೋಡಿದಳು.
ಹನ್ನೊಂದು ದಿನ.

ಹನ್ನೊಂದು.
ಹೂವಾಗಿದ್ದರೆ ನೆಲಕ್ಕೆ ಎಸೆಯುತ್ತಿದ್ದಳು.

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದಂತೆ.
ಅವಳು ಎಣಿಸಿದಳು:
ರಸ್ತೆಗೆಷ್ಟು ದಿನ, ಸೂಜಿ ಬರಲು ಎಷ್ಟು,
"ಅವರಿಗೆ ಬೇಡವಾದದ್ದು ನಮಗೇಕೆ" ಎನ್ನುವವರ
ಅಂಗಳದಲ್ಲಿ ಕೂತು ಒಪ್ಪಿಸಲು ಎಷ್ಟು.
ಗಡಿಯಾರ ಮತ್ತೆ ಮೇಲಿನಿಂದ ಕೆಳಕ್ಕೆ.

ಕೊನೆಯ ದಿನ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿ
ಆಚೆ ದಂಡೆಗೆ ಹೋದಳು.
ಓಡಿಸಿದವನು ಕಿಪ್ರೊಪ್, ಈಗ ಅದೇ ಅವನ ಹೊಟ್ಟೆಪಾಡು.
ತವರಿಗೆ ಮರಳಿದ್ದ ಸಾಂಕಾವ್‌ನ ಹೆಂಡತಿ ನಸೆರಿಯನ್
ಮಣಿಬಳೆಗಳನ್ನು ಮೇಲೆ ಸರಿಸಿ ತೋಳು ಕೊಟ್ಟಳು.
"ಎಷ್ಟು ದಿನದ್ದಮ್ಮಾ ಇದು?"
"ಇವತ್ತಿನದು."
ಮುದುಕಿ ಮುಂದೆ ಕೇಳಲಿಲ್ಲ.

ನಸಿಮಿಯು ಸೀಸೆಯನ್ನು ಬೆಳಕಿಗೆ ಹಿಡಿದಳು,
ಕತ್ತು ಬಾಗಿದೆಯೇ ಎಂದು ನೋಡುವವಳಂತೆ.
ಪೆಟ್ಟಿಗೆಯಲ್ಲಿ ಇನ್ನೂ ಮೂವತ್ತೆಂಟು.
ಹೊತ್ತು ಸರೋವರಕ್ಕೆ ಇಳಿಯುತ್ತಿತ್ತು.
ಕಿಪ್ರೊಪ್ ಬೈಕನ್ನು ಆರಿಸಿರಲಿಲ್ಲ.