ಚೆಕ್ಕುಬಂದಿ

ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು,
ಮುಳಬಾಗಿಲು ತಾಲ್ಲೂಕಿನ ಅಷ್ಟೂ ಹೋಬಳಿಗಳಲ್ಲಿ.
ಗಡಿಕಲ್ಲು ಕಿತ್ತವನು ಎದುರಿಗೇ ನಿಂತು
ದೇವರಾಣೆ ಇಟ್ಟರೂ ನಂಬದೆ
ಹಳೇ ಟಿಪ್ಪಣಿ ತರಿಸಿ ನೋಡಿದವನು.
ಆದರೂ ಒಂದು ಜಾಗವನ್ನು
ಅಳೆಯದೆಯೇ ಒಪ್ಪಿಕೊಂಡಿದ್ದೆ, ತಾತ ಹೇಳಿದಷ್ಟಕ್ಕೇ:
ನರಕ.

ತಾತ, ಉಪದೇಶಿ ಜ್ಞಾನಮಿತ್ರ. ಮೊದಲು ಮುನಿಗ.
ಹತ್ತೊಂಬತ್ತಕ್ಕೆ ಮಿಷನ್ ಬಾವಿಯ ನೀರು
ತಲೆಗೆ ಬಿದ್ದು ಹೆಸರು ಬದಲಾಯಿತು.
ಅವನ ತಾಯಿ ಪಿಳ್ಳಮ್ಮ ಬದಲಾಗಲಿಲ್ಲ.
"ನೀ ದೇವುಡು ನೀಕು, ನಾ ತಲ್ಲಿ ನಾಕು" ಅಂದಳಂತೆ.
ಗಂಗಮ್ಮನ ಕಲ್ಲಿಗೆ ಅರಿಶಿನ ಹಚ್ಚುತ್ತಲೇ,
ಮಿಷನ್ನಿನ ಅನಾಥ ಹುಡುಗರಿಗೆ
ಹೊತ್ತಿಗೆ ಮುದ್ದೆ ತಿರುವಿ ಹಾಕುತ್ತಲೇ
ಸತ್ತಳು, ಪ್ಲೇಗಿನ ವರ್ಷ.
ಕ್ರೈಸ್ತರ ಸಮಾಧಿಯಲ್ಲಿ ಜಾಗ ಸಿಗಲಿಲ್ಲ;
ಕೊಡಬೇಡಿ ಎಂದವನು ಮಗನೇ.
ಊರಾಚೆಯ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು.

ಆಮೇಲೆ ಐವತ್ತು ವರ್ಷ
ಸಂಜೆಯ ಪ್ರಾರ್ಥನೆ ಮುಗಿದ ಮೇಲೂ
ತಾತ ಲಾಂದ್ರದ ಬತ್ತಿಯನ್ನೇ ನೋಡುತ್ತ ಕೂರುತ್ತಿದ್ದ.
ಯಾಕೆ ತಾತ, ಎಂದರೆ
"ನಮ್ಮವ್ವ ಉರೀತಾ ಅವ್ಳೆ ಕಣೋ."
ಏಳು ವರ್ಷದ ನನಗೆ ಅಂದಿನಿಂದ
ಮುದ್ದೆ ಬೇಯುವ ಒಲೆಯ ಮುಂದೆ ಕೂರಲು ಭಯ.

ನಿವೃತ್ತಿಯಾದ ಮೇಲೆ, ಗುರುವಾರದ ಸಂಜೆಗಳಲ್ಲಿ,
ಸಲೋಮಿ ಟೀಚರ ಮನೆ ಜಗಲಿಯಲ್ಲಿ ನಾವು ಐದು ಜನ.
(ಹೊಸ ಅಯ್ಯನವರಿಗೆ ಇದು ಅಷ್ಟು ಸರಿಬೀಳದು.)
ವೇದಪುಸ್ತಕದ ಮೂರು ಕನ್ನಡ ಅನುವಾದ, ಒಂದು ತೆಲುಗು,
ಟೀಚರ ಅಳಿಯ ಸೆಮಿನರಿಯಿಂದ ತಂದ ಗ್ರೀಕ್ ನಿಘಂಟು,
ನಡುವೆ ಬೇಯಿಸಿದ ಕಡಲೆಕಾಯಿ.
ನಿಯಮ ಒಂದೇ: ಗೊತ್ತಿಲ್ಲ ಎನ್ನಲು ನಾಚಬಾರದು.

ಒಂದು ವಾರ ಆ ಪದ ಬಂತು.
ನರಕ ಎಂದು ಓದಿದೆವು; ಅಡಿಯಲ್ಲಿ ಸಣ್ಣಕ್ಷರ:
ಗೆಹೆನ್ನ. ಹಿನ್ನೋಮನ ಕಣಿವೆ. ಯೆರೂಸಲೇಮಿನ ತೆಂಕಣಕ್ಕೆ.
ನನ್ನ ಕಿವಿ ನೆಟ್ಟಗಾಯಿತು.
ತೆಂಕಣಕ್ಕೆ? ಹಾಗಾದರೆ
ಅದರ ಬಡಗಲಿಗೆ ಊರಗೋಡೆ, ಮೂಡಲಿಗೆ ಇನ್ನೊಂದು ಹಳ್ಳ.
ಚೆಕ್ಕುಬಂದಿ ಇರುವ ನರಕ!
ನಡೆದು ದಾಟಬಹುದು. ಆಡು ಮೇಯಿಸಬಹುದು.

ಊರ ಕಸ ಅಲ್ಲಿ ಸುಡುತ್ತಿದ್ದರು, ಅದೇ ಆರದ ಬೆಂಕಿ
ಎಂದ ಅಳಿಯ. ನನಗೆ ಹಿಗ್ಗೋ ಹಿಗ್ಗು.
ಮುಂದಿನ ವಾರ ಅವನೇ ಬಂದು ತಲೆ ಕೆರೆದುಕೊಂಡ:
ಆ ಮಾತಿಗೆ ಹಳೆಯ ಸಾಕ್ಷಿ ಇಲ್ಲವಂತೆ,
ಸಾವಿರ ವರ್ಷದ ಮೇಲೆ ಯಾರೋ ಬರೆದದ್ದಂತೆ.
ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದುಕೊಂಡೆ: ತಕರಾರಿದೆ.
ನನಗೆ ಬೇಕಾದ ಗಡಿ ಎಂದು
ಕಲ್ಲು ಸರಿಸಲು ನನಗೆ ಬರುವುದಿಲ್ಲ.

ಟೀಚರು ಹಾಳೆ ತಿರುವುತ್ತಲೇ ಇದ್ದರು, ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಪ್ರವಾದಿಯೊಬ್ಬನ ಕಾಲಕ್ಕೆ ಅದೇ ಕಣಿವೆಯಲ್ಲಿ
ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಟ್ಟಿದ್ದರು.
ತಾನು ಕೇಳಿದ್ದೇ ಇಲ್ಲ, ತನಗದು ಹೊಳೆದದ್ದೂ ಇಲ್ಲ
ಎಂದು ದೇವರು ನೊಂದುಕೊಂಡದ್ದು ಅಲ್ಲಿತ್ತು.
ಯಾರೂ ಕಡಲೆಕಾಯಿಗೆ ಕೈ ಹಾಕಲಿಲ್ಲ.
ಅವರು ಮಕ್ಕಳನ್ನು ಕೊಟ್ಟರು.
ತಾತ ತಾಯಿಯನ್ನು ಕೊಟ್ಟ.

ಎಲ್ಲ ತೀರಿತೆಂದಲ್ಲ.
ಕುರಿಯನ್ನೂ ಆಡನ್ನೂ ಬೇರೆ ಮಾಡುವ ಮಾತು
ಇನ್ನೂ ಅಲ್ಲೇ ಇದೆ, ಅಲುಗದೆ.
ಆದರೆ ಅದರಲ್ಲಿ ಹಸಿದವರಿಗೆ ಉಣಿಸಿದವರು ಬಲಗಡೆಗೆ.
ಪಿಳ್ಳಮ್ಮನ ಮುದ್ದೆ ನೆನೆದು ನಗು ಬಂತು.
ತಾತನನ್ನು ನೆನೆದು ನಿಂತಿತು.

ನಿನ್ನೆ ಹಳ್ಳದ ಕಡೆ ಹೋಗಿದ್ದೆ.
ಹಳೇ ನಕಾಶೆಯಲ್ಲಿ ಅದು ಖರಾಬು.
ಈಗ ನಗರಸಭೆಯ ಕಸ, ಮೂಲೆಯಲ್ಲಿ ಹೊಗೆ,
ಹೊಗೆಯ ಪಕ್ಕ ಯಾರದೋ ಎರಡು ಆಡು.
ಗೋರಿಗೆ ಗುರುತಿಲ್ಲ.
ಅಂದಾಜಿನ ಮೇಲೆ ಒಂದು ಕಡೆ ನಿಂತೆ.
ಪ್ರಾರ್ಥನೆ ಬಾಯಿಗೆ ಬರಲಿಲ್ಲ.
ಮುತ್ತಜ್ಜಿ, ಅಳತೆ ತಪ್ಪಾಗಿತ್ತು, ಎಂದೆ.
ತೆಲುಗಿನಲ್ಲಿ ಹೇಳಬೇಕಿತ್ತೇನೋ.