ಕರ್ತೃಪದ

ರೋಲಾದ ಹಿಂದಿನ ಬೀದಿ, ಮೂರನೇ ಮಹಡಿ.
ಗುರುವಾರ, ಮಗ್ರಿಬ್ ಬಾಂಗು ಮುಗಿದ ಮೇಲೆ ತರಗತಿ.
ಹನ್ನೊಂದು ಗಂಡಸರು. ಎಲ್ಲರದೂ ಮೊದಲ ಸಲ,
ಕಾಗದದಲ್ಲಿ ಹಾಗೆಂದು ಬರೆದಿದೆ.
ಎಂಟು ವಾರ ತಪ್ಪದೆ ಬಂದರೆ ಕಡತ ಮುಚ್ಚುತ್ತದೆ,
ಒಂದು ತಪ್ಪಿದರೆ ಕೋರ್ಟು.

ನಾನು ದುಭಾಷಿ.
ಹಗಲು ಟೈಪಿಂಗ್ ಸೆಂಟರಿನಲ್ಲಿ ಅರ್ಜಿ ತುಂಬುವವಳು.
ಗಂಗೊಳ್ಳಿಯ ಜಯಕರ ಆಡಿದ್ದು
ನನ್ನ ಬಾಯಲ್ಲಿ ಅರಬಿಯಾಗಿ
ಡಾಕ್ಟರ್ ಮೌಜಾರ ಕಿವಿ ಮುಟ್ಟಬೇಕು.
ಅವನು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು,
ಸೇರಿಸಬಾರದು, ತೆಗೆಯಬಾರದು.

ಮೊದಲ ವಾರ ಅವನೆಂದ: ಏಟು ಬಿತ್ತು.
ಮಾವಿನ ಮಿಡಿ ಬಿದ್ದ ಹಾಗೆ,
ಕೆಳಗೆ ನಿಂತವಳದೇ ತಪ್ಪೆಂಬ ಹಾಗೆ.
ಮತ್ತೊಂದು ವಾರ: ಮಾತಿಗೆ ಮಾತು ಬೆಳೆಯಿತು.
ಯಾರೂ ನೀರೆರೆಯದೆ ಬಸಳೆ ಹಬ್ಬಿತೇನೋ.
ಆಮೇಲೆ: ಕೈ ಜಾರಿತು.

ಖಾಲಿದ್ ಪೋರ್ಟಿನಲ್ಲಿ ಕ್ರೇನ್ ನಡೆಸುವ ಕೈ ಅದು.
ಮೂವತ್ತು ಟನ್ನಿನ ಪೆಟ್ಟಿಗೆಯನ್ನು
ಕೋಳಿಮೊಟ್ಟೆಯಂತೆ ಲಾರಿಯ ಮೇಲಿಡುತ್ತದೆ.
ಒಂಬತ್ತು ವರ್ಷದಲ್ಲಿ ಒಮ್ಮೆಯೂ ಜಾರಿಲ್ಲ.

ಹೇಳಿದ್ದಷ್ಟನ್ನೇ ದಾಟಿಸಿದೆ.
ಮೌಜಾ ಪ್ರತಿಸಲ ಪೆನ್ನು ಕೆಳಗಿಟ್ಟು ಕೇಳಿದರು:
ಯಾರು?

ಚಹಾದ ಬಿಡುವಿನಲ್ಲಿ ಅವನು ಹತ್ತಿರ ಬಂದ.
"ಅಕ್ಕ, ಸ್ವಲ್ಪ ಚಂದ ಮಾಡಿ ಹೇಳಿ ಮಾರಾಯ್ರೆ."
ಖರ್ಜೂರದ ಬೀಜ ಕಾಗದದ ಲೋಟಕ್ಕೆ ಉಗಿದು
ನಾನು ಸುಮ್ಮನಿದ್ದೆ.

ಅವನ ಹೆಂಡತಿ ಸುಲತಾಳ ವೀಸಾ ಅರ್ಜಿ ತುಂಬಿದ್ದು ನಾನೇ.
ಪ್ರಾಯೋಜಕರು: ಗಂಡ.
ಕೇಸು ಬೇಡ, ತರಗತಿ ಸಾಕು ಎಂಬ ಪತ್ರಕ್ಕೆ
ಅವಳು ಎಡಗೈಯಲ್ಲಿ ಸಹಿ ಹಾಕಿದಳು.
ಬಲಗೈ ಪಟ್ಟಿಯಲ್ಲಿತ್ತು.
ಕ್ಷಮೆಯೋ, ಮನೆ ಬಾಡಿಗೆಯೋ, ಮಗಳ ಶಾಲೆಯೋ,
ಆ ವಕ್ರ ಅಕ್ಷರದಲ್ಲಿ ಓದಲಾಗಲಿಲ್ಲ.

ಆರನೇ ವಾರ.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಬಹಳ ಹೊತ್ತು ಬಕೆಟ್ಟನ್ನೇ ನೋಡಿ ಅವನೆಂದ:
ಹೊಡೆದೆ.

'ನಾನು' ಇರಲಿಲ್ಲ.
ಕನ್ನಡಕ್ಕೆ ಬೇಕಾಗಿಯೂ ಇಲ್ಲ,
ಕ್ರಿಯಾಪದದ ಬಾಲದಲ್ಲೇ ಕೂತಿರುತ್ತಾನೆ ಮಾಡಿದವನು.
ಆದರೆ 'ನೀನು' ಎಂದರೂ ಅದೇ ಹೊಡೆದೆ.
ಇಲ್ಲಿಯವರ ಆಡುಮಾತಿನಲ್ಲೂ ಅಷ್ಟೆ: ದರಬ್ತ್.
ನಾನೋ ನೀನೋ, ಕೇಳಿದವರು ತಿಳಿಯಬೇಕು.

ಹೇಳಿದೆ.
ಹೇಳುವಾಗ ನನ್ನ ಅಂಗೈ ಬಿಸಿಯಾಯಿತು.
ಯಾಕೆಂದು ಇಲ್ಲಿ ಬರೆಯುವುದಿಲ್ಲ.
ಮೌಜಾ 'ಯಾರು' ಎನ್ನಲಿಲ್ಲ,
ಪೆನ್ನು ಎತ್ತಿಕೊಂಡರು.

ಕೆಳಗೆ, ಶವರ್ಮಾ ಅಂಗಡಿಯ ಬೆಳಕಿನಲ್ಲಿ
ಸುಲತಾ ನಿಂತಿದ್ದಳು,
ಟ್ಯೂಷನ್ ಮುಗಿಸಿದ ಮಗಳನ್ನು ಹಿಡಿದುಕೊಂಡು.
ಮೂವರೂ ಬಸ್ಸಿನ ಕಡೆ ನಡೆದರು.
ಅವನು ಏನೋ ಹೇಳಿದ, ಅವಳು ತಲೆಯಾಡಿಸಿದಳು.
ನಾಲ್ಕು ಹೆಜ್ಜೆ ಹೋದ ಮೇಲೆ
ಎಡ ಹೆಗಲಿನ ಬ್ಯಾಗನ್ನು ತೆಗೆದು
ಅವನಿದ್ದ ಬದಿಯ ಹೆಗಲಿಗೆ ಹಾಕಿಕೊಂಡಳು.

ಇನ್ನೂ ಎರಡು ಗುರುವಾರ ಇದೆ.