ಪೆನ್ಸಿಲ್ ಚುಕ್ಕಿ

ಬೀದರದಾಗ ಚೌಬಾರಾದ ಹಿಂದಿನ ಗಲ್ಲಿಯೊಳಗ
ನನ್ನ ಗಡಿಯಾರದ ಅಂಗಡಿ.
ರಿಪೇರಿಗಿ ಬರೋವು ಈಗ ವಾರಕ್ಕ ಎರಡೋ ಮೂರೋ,
ಅವೂ ಸೆಲ್ ಹಾಕ್ಸೋವು.
ಕಣ್ಣಿಗಿ ಸಿಗಿಸೋ ಭೂತಗನ್ನಡಿ ಖಾಲಿ ಕುಂತಿತ್ತು,
ಚಿಮಟಾಕ್ಕ ತುಕ್ಕು ಹಿಡದಿತ್ತು.

ಪಕ್ಕದ ಕೆಂಪುಕಲ್ಲಿನ ಗ್ವಾಡಿ ಒಡೆಯೋ ದಿವಸ
ಕಲ್ಲಿನ ತೂತಿನಾಗ ಎರಡು ತತ್ತಿ,
ಕಡ್ಲಿಗಿಂತ ಸಣ್ಣವು, ಒಂದಕ್ಕೊಂದು ಅಂಟಿದ್ದವು.
ಝರೆಪ್ಪ ಮೇಸ್ತ್ರಿ ಒಗೀಲಿಕ್ಕ ಕೈ ಎತ್ತಿದ್ದ.
ತಾ ಇಲ್ಲಿ, ಅಂದೆ. ಯಾಕ ಅಂದೆನೋ ಇವತ್ತಿಗೂ ಗೊತ್ತಿಲ್ಲ.

ಆ ಎರಡೂ ನನ್ನ ಕೈಯಾಗೇ ಸತ್ತವು.
ಚಂದ ಅವ ಅಂತ ದಿನಾ ಹೊಳ್ಳಿಸಿ ಹೊಳ್ಳಿಸಿ ನೋಡಿದೆ.
ಕೋಳಿ ತನ್ನ ತತ್ತಿ ಹೊಳ್ಳಿಸ್ತದ,
ಹಲ್ಲಿ ಹೊಳ್ಳಿಸಂಗಿಲ್ಲ.
ಒಳಗಿನ ಜೀವ ಮ್ಯಾಲಿನ ಸಿಪ್ಪಿಗಿ ಅಂಟಿ ಮಲಗಿರ್ತದ,
ತಿರುವಿದರ ತನ್ನ ನೀರಾಗ ತಾನೇ ಮುಳುಗ್ತದ.
ಈಗ ಕಂಡ ಕೂಡ್ಲೇ, ಮುಟ್ಟೋಕಿಂತ ಮೊದಲು,
ನೆತ್ತಿಮ್ಯಾಲ ಪೆನ್ಸಿಲಿನ ಒಂದು ಚುಕ್ಕಿ:
ಇದು ಮ್ಯಾಲ.

ಎಚ್ಚೆಮ್ಟಿ ವಾಚು ಇಡ್ತಿದ್ದ ಶೋಕೇಸಿನಾಗ
ಈಗ ಒಂದು ಗಂಡು, ಎರಡು ಹೆಣ್ಣು,
ಕೆಂಪುಕಲ್ಲಿನ ಚೂರು, ಒಣಗಿದ ಬಾಗಿ ಹೂವಿನ ಕಡ್ಡಿ.
ಸಂಜಿಗಿ ಗಂಡು ಚಿಕ್ ಚಿಕ್ ಚಿಕ್ ಅಂದರ
ಗಿರಾಕಿ ಕಿವಿ ಕೊಟ್ಟು ಹೇಳ್ತಾನ,
ಅಣ್ಣಾ, ಯಾವುದೋ ಗಡಿಯಾರ ತಪ್ಪು ನಡೀಲತ್ತದ.
ಹೌದಪ, ಅದರ ಸ್ಪ್ರಿಂಗ್ ಸಿಗವಲ್ದು, ಅಂತೀನಿ.

ಐವತ್ತೆಂಟನೇ ದಿನ ಮೊದಲನೇ ಮರಿ.
ಅಂಗೈಯಾಗಿಟ್ಟುಕೊಂಡಿದ್ದ ಸಿಪ್ಪಿಯಿಂದ ಮೂಗು ತೂರಿಸಿ,
ಜರಾ ದಮ್ಮು ತೊಗೊಂಡು, ಹೊರಗ ಬಂತು.
ಬಂದ ಮ್ಯಾಲ ತನ್ನ ಚರ್ಮ ತಾನೇ ಸುಲಿದು ತಿಂತು.
ರೆಪ್ಪಿಯಿಲ್ಲದ ಕಣ್ಣು ನಾಲಿಗಿಲಿಂದ ಒರೆಸಿಕೊಂತು.

ನನ್ನಾಕಿ ಪ್ರಯಾಗಬಾಯಿ ಪಂಚಾಂಗ ತಂದಳು.
ತಲಿಮ್ಯಾಲ ಬಿದ್ದರ ಹಿಂಗ,
ಭುಜದ ಮ್ಯಾಲ ಬಿದ್ದರ ಹಂಗ.
ಅಂಗೈಯಾಗ ಹುಟ್ಟಿದರ? ಅಂದೆ.
ಹಾಳಿ ತಿರುವಿದಳು, ಮತ್ತ ತಿರುವಿದಳು.
ಅಂಥದ್ದೊಂದು ಸಾಲು ಬರೆದವರಿಲ್ಲ.

ಎರಡನೇ ಮರಿ ಹಡೆದಾಕೀನೇ ತಿಂದಳು.
ನಾನೇ ಜೊತಿಗಿ ಬಿಟ್ಟಿದ್ದೆ, ತಾಯಿ ಅಲ್ಲೇನು ಅಂತ.
ಅಕಿ ಕಣ್ಣಿಗಿ ಅಲ್ಲಾಡೋದೆಲ್ಲ ಊಟ.
ಬಾಲ ಒಂದು ಶೋಕೇಸಿನಾಗ ಇನ್ನೂ ಕುಣೀತಿತ್ತು.
ಆವತ್ತು ಅಂಗಡಿ ಲಗೂನೇ ಮುಚ್ಚಿದೆ.

ಆಮ್ಯಾಲಿಂದ ಮರಿಗೊಂದು ಡಬ್ಬಿ,
ಮುಚ್ಚಳಕ್ಕ ಸೂಜಿ ತೂತು,
ಕೊಳೆತ ಬಾಳೆಹಣ್ಣಿನಾಗ ಸಾಕಿದ ಸಣ್ಣ ನೊಣ,
ಗ್ವಾಡಿಗಿ ಸಿಂಪಡಿಸಿದ ನೀರು. ಹನಿ ಹನಿ ನೆಕ್ತಾವ,
ವಾಟಿಯಾಗ ಇಟ್ಟರ ಮೂಸೂದೂ ಇಲ್ಲ.

ನನಗ ಡೆಂಗಿ ಆಗಿ ಒಂಬತ್ತು ದಿನ ದವಾಖಾನಿ.
ತಿರುಗಿ ಬಂದು ಹಾಲಿನ ಲೆಕ್ಕದ ವಹಿ ತೆಗೆದರ
ಅರ್ಧ ಲೀಟರ್, ಅರ್ಧ ಲೀಟರ್, ಇವತ್ತು ಇಲ್ಲ,
ಅದರ ಕೆಳಗ ಪ್ರಯಾಗಬಾಯಿಯ ಡೊಂಕು ಅಕ್ಷರ:
ಮೂರನೇದ್ದು ಉಣ್ಣಲಿಲ್ಲ.
ಮೂರನೇದ್ದು ಒಂದು ನೊಣ ತಿಂತು.
ಐದನೇದ್ದು ನನ್ನ ನೋಡಿ ಓಡಲಿಲ್ಲ.
ಏನಿದು ಅಂತ ನಾ ಕೇಳಲಿಲ್ಲ,
ಅಕಿನೂ ಹೇಳಲಿಲ್ಲ.

ಹೈದರಾಬಾದಿನಿಂದ ಒಬ್ಬಾತ ಬಂದು
ಜೋಡಿಗೆಷ್ಟು, ಅಂದ.
ಕೆಟ್ಟ ವಾಚಿದ್ದರ ತೊಗೊಂಡು ಬಾರಪ, ಅಂದೆ.

ಈಗ ಮೇ ತಿಂಗಳು. ಹಸಿ ಗೋಣಿಚೀಲ ಹೊದಿಸೀನಿ,
ಕರೆಂಟು ಬಂದರ ಬಂತು.
ನಿನ್ನಿ ರಾತ್ರಿ ಇಲಿ ಡಬ್ಬಿ ಉರುಳಿಸ್ಯಾದ.
ಮೂರು ತತ್ತಿಗಿ ಚುಕ್ಕಿ ಅದ, ತಿರುಗಿ ಬರೋಬರಿ ಇಟ್ಟೆ.
ನಾಕನೇದರದು ಹಸಿ ಮರಳಿಗಿ ಒರೆಸಿ ಹೋಗ್ಯಾದ.

ಕಣ್ಣಿಗಿ ಭೂತಗನ್ನಡಿ, ಹಿಂದ ಪ್ರಯಾಗಬಾಯಿ ಹಿಡಿದ ಬ್ಯಾಟರಿ.
ಒಳಗ ಕೆಂಪು ಎಳಿ ಒಂದು ಕಾಣಲತ್ತದ,
ನನ್ನ ಕೈ ನಡುಗಲತ್ತದ.
ಎತ್ತಾಗ ಮ್ಯಾಲ, ಅಂತಾಳ ಅಕಿ.
ತಡಿ, ಅಂತೀನಿ.
ತಡಿ.